ಹದಿನಾಲ್ಕರಿಂದ ಹದಿನೆಂಟು: ಒಮಾನ್‌ನಲ್ಲಿರುವ ಅಪ್ಪಂದಿರು ತಿಳಿದಿರಬೇಕಾದ ಕಾನೂನು

1970ರಲ್ಲಿ ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದಾಗ ಇಡೀ ಒಮಾನ್‌ನಲ್ಲಿ ಇದ್ದದ್ದು ಮೂರೇ ಶಾಲೆ, 909 ವಿದ್ಯಾರ್ಥಿಗಳು, ಎಲ್ಲರೂ ಗಂಡುಮಕ್ಕಳು. ಬೆಟ್ಟದ ಹಳ್ಳಿಯ ಹುಡುಗಿಗೆ ಬಿಡುವುದಕ್ಕೂ ಶಾಲೆ ಇರಲಿಲ್ಲ. ಈಗ ಅಲ್ಲಿನ ಮಕ್ಕಳ ಕಾನೂನು (ರಾಜಾಜ್ಞೆ 22/2014) ಮೂಲಶಿಕ್ಷಣವನ್ನು, ಅಂದರೆ ಹತ್ತನೇ ತರಗತಿವರೆಗಿನ ಓದನ್ನು, ಕಡ್ಡಾಯ ಮಾಡಿದೆ. ಮಗು ನಡುವೆ ಶಾಲೆ ಬಿಡದಂತೆ ನೋಡಿಕೊಳ್ಳುವ ಹೊಣೆ ಪೋಷಕರದು. ಮದುವೆಯ ವಯಸ್ಸು 18. ಆದರೆ 1997ರ ಕೌಟುಂಬಿಕ ಕಾನೂನಿನಲ್ಲಿ ಒಂದು ಕಿಂಡಿ ಉಳಿದಿದೆ: ಹಿತವಿದೆ ಎಂದು ಮನವರಿಕೆಯಾದರೆ ನ್ಯಾಯಾಧೀಶರು 18 ತುಂಬದವರ ಮದುವೆಗೂ ಅನುಮತಿ ಕೊಡಬಹುದು. ಹತ್ತು ಮುಗಿಸಿದ ಹುಡುಗಿಗೆ ಕಾವಲು ತೆಳುವಾಗುವುದು ಇಲ್ಲೇ.

ಮಸ್ಕತ್, ಸೊಹಾರ್, ಸಲಾಲಾಗಳಲ್ಲಿ ದುಡಿಯುತ್ತ, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟಿರುವ ಕನ್ನಡಿಗರು ಈ ಮಾತನ್ನು ತಮ್ಮ ಮನೆಗೂ ಅನ್ವಯಿಸಿ ನೋಡಬೇಕು. ನಮ್ಮಲ್ಲಿ ಕಾವಲು ಇನ್ನೂ ಬೇಗ ಸಡಿಲವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 6ರಿಂದ 14ರ ಮಕ್ಕಳಿಗೆ. ಅಷ್ಟರಲ್ಲಿ ಊರಿನ ಶಾಲೆ ಏಳಕ್ಕೋ ಎಂಟಕ್ಕೋ ಮುಗಿದಿರುತ್ತದೆ. ಹೈಸ್ಕೂಲಿಗೆ ಬಸ್ಸು ಹಿಡಿಯಬೇಕು, ಬರುವಾಗ ಕತ್ತಲಾಗುತ್ತದೆ, ಮುಟ್ಟಿನ ದಿನಗಳಲ್ಲಿ ಬಳಸುವಂಥ ಶೌಚಾಲಯ ಇರುವುದಿಲ್ಲ, ಮನೆಯಲ್ಲಿ ಅಜ್ಜಿಗೆ ಹುಷಾರಿಲ್ಲ. ಮಗಳನ್ನು ಶಾಲೆ ಬಿಡಿಸಿದೆವು ಎಂದು ಯಾರೂ ಹೇಳುವುದಿಲ್ಲ. ಈ ವಾರ ಬೇಡ, ಮುಂದಿನ ವಾರ ಹೋಗಲಿ ಎನ್ನುತ್ತಲೇ ಹೆಸರು ಹಾಜರಿಯಿಂದ ಜಾರುತ್ತದೆ. ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂತೆಂದು ಒಮಾನ್‌ಗೆ ಫೋನ್ ಹೋಗುತ್ತದೆ.

ಆಗ "ನೀವೇ ನೋಡಿ ಮಾಡಿ" ಎಂದುಬಿಡುವ ಅಪ್ಪ ಒಂದು ಸಂಗತಿ ತಿಳಿದಿರಲಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಮದುವೆ ಮಾಡಿಸಿದವರಷ್ಟೇ ಅಲ್ಲ, ತಡೆಯದೆ ನಿರ್ಲಕ್ಷ್ಯ ತೋರಿದ ತಂದೆಯೂ ಅಪರಾಧಿ. ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಕರ್ನಾಟಕದ 2016ರ ತಿದ್ದುಪಡಿಯಂತೆ ಇಂಥ ಮದುವೆ ಮೊದಲಿನಿಂದಲೇ ಅಸಿಂಧು. ಒಮಾನ್‌ನಲ್ಲಿರುವಂತೆ ನ್ಯಾಯಾಧೀಶರ ಅನುಮತಿಯ ದಾರಿ ಈ ಕಾಯ್ದೆಯಲ್ಲಿ ಇಲ್ಲ. ಇಲ್ಲದಿರುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮದುವೆ ಗೊತ್ತಾಗಿದೆಯೆಂಬ ಸುದ್ದಿ ತಿಳಿದ ಕೂಡಲೇ ಊರಿನಲ್ಲಿರುವ ಯಾರಿಂದಲಾದರೂ 1098ಕ್ಕೆ ಕರೆ ಮಾಡಿಸಿ. ದುಡ್ಡು ಬೀಳದು, ಹುಡುಗಿಯೇ ಮಾಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸಿ. 13ನೇ ಸೆಕ್ಷನ್ನಿನಡಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮದುವೆಗೆ ತಡೆಯಾಜ್ಞೆ ಕೊಡಬಲ್ಲರು. ಆ ಮದುವೆಯ ವಿಷಯ ಖುದ್ದಾಗಿ ಬಲ್ಲ ಯಾರೇ ಆದರೂ ದೂರು ಕೊಡಬಹುದು. ಒಮಾನ್‌ನೊಳಗೇ ಮಗುವಿಗೆ ತೊಂದರೆಯಾಗಿದ್ದರೆ ಅಲ್ಲಿನ ಮಕ್ಕಳ ರಕ್ಷಣಾ ಸಹಾಯವಾಣಿ 1100.

ಓದು ನಿಂತುಹೋಗಿದ್ದರೆ? 14ರೊಳಗಿನ ಹುಡುಗಿಯನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಕೆಲಸ ಹೋಗಿ ಸಂಸಾರವನ್ನು ಒಮಾನ್‌ನಿಂದ ಊರಿಗೆ ಕಳಿಸುವವರು ಟಿ.ಸಿ. ತಡವಾಯಿತೆಂದು ಮಗಳನ್ನು ಮನೆಯಲ್ಲಿ ಕೂರಿಸಬೇಡಿ; ಎಂಟನೇ ತರಗತಿವರೆಗೆ ಅದೊಂದೇ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. 14 ದಾಟಿದವಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ಹತ್ತನೇ ತರಗತಿಯ ಪರೀಕ್ಷೆ ಬರೆಯಬಹುದು.