ಆಟದ ಅಂಗಳ: ಸದ್ದು ಮಾಡಿದರೆ ಹಿಂಡು ಬರುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವು. ಬಹುತೇಕ ಎಲ್ಲರೂ ಕೇಳಿರುವುದು ಒಂದೇ ಆಟದ ಬಗ್ಗೆ. ಹಾಗಾಗಿ ಉಳಿದ ಆಟಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇನೆ.

ಸರ, ನಾವು ನಾಲ್ಕು ಮಂದಿ ಗೆಳ್ಯಾರು ದಿನಾ ರಾತ್ರಿ ಬಿಜಿಎಂಐ ಆಡ್ತೀವಿ. ನಮ್ಮ ಸೀನಿಯರ್ ಒಬ್ರು ‘ಎಕ್ಸ್‌ಕಾಮ್ 2 ಆಡ್ರಿ, ಅದರಾಗ ಜಾಂಬಿ ಇರೋ ಎಕ್ಸ್‌ಪಾನ್ಶನ್ ಐತಿ, ತಲಿ ಓಡಿಸಬೇಕಾಗ್ತದ’ ಅಂದ್ರು. ನಮಗ ತಲಿ-ಬುಡ ಒಂದೂ ತಿಳಿವಲ್ದು. ಎಲ್ಲಿಂದ ಸುರು ಮಾಡಬೇಕ್ರಿ?
— ಪದವಿ ವಿದ್ಯಾರ್ಥಿ, ತುರ್ವಿಹಾಳ

ತಮ್ಮಾ, ನಿಮ್ಮ ಸೀನಿಯರ್ ಹೇಳಿದ್ದು ‘ವಾರ್ ಆಫ್ ದ ಚೋಸನ್’. ಅಮೆರಿಕದ ಫಿರಾಕ್ಸಿಸ್ ಸಂಸ್ಥೆ 2016ರಲ್ಲಿ ತಂದ ಎಕ್ಸ್‌ಕಾಮ್ 2 ಆಟಕ್ಕೆ 2017ರ ಆಗಸ್ಟ್‌ನಲ್ಲಿ ಸೇರಿಸಿದ ವಿಸ್ತರಣೆ ಅದು. ಮೂಲ ಆಟ ಇಲ್ಲದೆ ಇದೊಂದೇ ಓಡುವುದಿಲ್ಲ. ಕಥೆ ನಡೆಯುವುದು 2035ರಲ್ಲಿ. ಅನ್ಯಗ್ರಹದವರು ಭೂಮಿಯನ್ನು ಗೆದ್ದು ಇಪ್ಪತ್ತು ವರ್ಷವಾಗಿದೆ. ಅವರ ದಾಳಿಗೆ ಸಿಕ್ಕಿ ಪಾಳುಬಿದ್ದ ನಗರಗಳಲ್ಲಿ ಮನುಷ್ಯತನ ಕಳೆದುಕೊಂಡು ಅಲೆಯುವ ಜನರಿಗೆ ಆಟದಲ್ಲಿ ‘ಲಾಸ್ಟ್’ ಅಂತ ಹೆಸರು. ನಿಮ್ಮ ಜಾಂಬಿಗಳು ಇವರೇ.

2019ರ ಫೆಬ್ರವರಿಯಲ್ಲಿ ಪಬ್‌ಜಿ ಮೊಬೈಲ್‌ಗೆ ರೆಸಿಡೆಂಟ್ ಈವಿಲ್ 2 ಜೊತೆ ಸೇರಿ ಬಂದ ಜಾಂಬಿ ಮೋಡ್ ನೀವು ಆಡಿರಬಹುದು. ಅಲ್ಲಿ ಬೆರಳು ಚುರುಕಾಗಿದ್ದವನೇ ಗೆದ್ದ. ಇಲ್ಲಿ ಬೆರಳಿಗೆ ಕೆಲಸವೇ ಇಲ್ಲ. ಸ್ಕ್ವಾಡಿನ ನಾಲ್ಕೂ ಜನರನ್ನು ನೀವೊಬ್ಬರೇ ನಡೆಸಬೇಕು. ಒಬ್ಬೊಬ್ಬರಿಗೆ ಒಂದು ಟರ್ನ್‌ನಲ್ಲಿ ಎರಡು ಆ್ಯಕ್ಷನ್. ನೀವು ಒಂದು ಚಹಾ ಕುಡಿದು ಬಂದು ಯೋಚನೆ ಮಾಡಿದರೂ ಶತ್ರು ಕಾಯುತ್ತಾನೆ. ಗುಡಿ ಕಟ್ಟೆಯ ಕಲ್ಲಿನ ಮೇಲೆ ಹಿರಿಯರು ಹುಲಿ-ಕುರಿ ಆಡುವುದನ್ನು ನೋಡಿದ್ದರೆ ಈ ಆಟದ ಅರ್ಧ ನಿಮಗೆ ಗೊತ್ತಿದೆ ಅಂತಲೇ ತಿಳಿಯಿರಿ. ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಮಾತ್ರ ಹುಲಿ ಹಾರಬಲ್ಲದು. ಕುರಿಗಳು ಒತ್ತಿ ನಿಂತರೆ ಹುಲಿ ಸಿಕ್ಕಿಬಿತ್ತು. ಲಾಸ್ಟ್ ಎದುರು ನಿಮ್ಮ ಸೈನಿಕರ ಗತಿಯೂ ಅದೇ: ಅವರು ಹಿಂಡು, ನೀವು ನಾಲ್ಕೇ ಜನ. ಹಿಂದೆ ಸರಿಯಲು ಒಂದು ಖಾಲಿ ಜಾಗ ಯಾವಾಗಲೂ ಇಟ್ಟುಕೊಳ್ಳಿ.

ನನ್ನ ಸಲಹೆ ಕೇಳಿದರೆ, ನೇರ ವಿಸ್ತರಣೆಗೆ ಕೈ ಹಾಕಬೇಡಿ. ಮೊದಲು ಮೂಲ ಆಟದಲ್ಲಿ ಹತ್ತು-ಹನ್ನೆರಡು ಮಿಷನ್ ಆಡಿ, ಮರೆ ಹಿಡಿಯುವುದು, ಬದಿಯಿಂದ ಬಂದು ಹೊಡೆಯುವುದು ಕೈಗೆ ಕೂಡಲಿ. ಆಮೇಲೆ ವಿಸ್ತರಣೆಯಲ್ಲಿ ಹೊಸದಾಗಿಯೇ ಶುರು ಮಾಡಬೇಕಾಗುತ್ತದೆ, ಮೂಲ ಆಟದ ಸೇವ್ ಅಲ್ಲಿ ನಡೆಯುವುದಿಲ್ಲ. ಶುರುವಿನಲ್ಲಿ ‘ಲಾಸ್ಟ್ ಆ್ಯಂಡ್ ಅಬ್ಯಾಂಡನ್ಡ್’ ಎಂಬ ಮಿಷನ್ ಬೇಕೋ ಬೇಡವೋ ಅಂತ ಕೇಳುತ್ತದೆ. ಮೊದಲ ಸಲ ಬೇಕು ಅನ್ನಿ. ಪಾಳು ನಗರದಲ್ಲಿ ಹಿಂಡನ್ನು ಎದುರಿಸುವ ಪಾಠ ಅಲ್ಲೇ ಇದೆ.

ನನ್ನ ಲ್ಯಾಪ್‌ಟಾಪ್ ಹಳೇದು, ನೆಟ್ ಬರೇ ಮೊಬೈಲ್ ಡೇಟಾ. ಗೆಳೆಯ ಪೆನ್‌ಡ್ರೈವ್‌ನಾಗ ಕೊಡ್ತೀನಿ ಅಂತಾನ. ಹಾಕ್ಕೊಳ್ಲೇನ್ರಿ?
— ಸಿಂಧನೂರು

ಹಾಕಿಕೊಳ್ಳಬೇಡಿ. ಕದ್ದ ಪ್ರತಿಯ ಜೊತೆ ವೈರಸ್ ಬಂದರೆ ಲ್ಯಾಪ್‌ಟಾಪಿನಲ್ಲಿರುವ ಓದಿನ ಕಡತಗಳೂ ಹೋಗುತ್ತವೆ. ಮೂಲ ಆಟಕ್ಕೇ 45 ಜಿಬಿ ಜಾಗ ಬೇಕು, ವಿಸ್ತರಣೆಗೆ ಅದರ ಮೇಲೆ ಬೇರೆ. ದಿನದ ಡೇಟಾದಲ್ಲಿ ಇಳಿಸುವ ಮಾತಲ್ಲ ಇದು, ವೈಫೈ ಇರುವ ಮನೆಯಲ್ಲಿ ಒಂದು ರಾತ್ರಿ ಬಿಟ್ಟು ಇಳಿಸಿಕೊಳ್ಳಿ. ಫೆರಲ್ ಇಂಟರಾಕ್ಟಿವ್ ಎಂಬ ಸಂಸ್ಥೆ ಮೂಲ ಆಟ, ವಿಸ್ತರಣೆ ಎರಡನ್ನೂ ಒಟ್ಟಿಗೆ ಕಟ್ಟಿ 2020ರಲ್ಲಿ ಐಫೋನ್‌ಗೆ, 2021ರಲ್ಲಿ ಆಂಡ್ರಾಯ್ಡ್‌ಗೆ ತಂದಿದೆ. ದುಡ್ಡು ಕೊಡುವ ಮೊದಲು ನಿಮ್ಮ ಫೋನ್ ಅವರ ಪಟ್ಟಿಯಲ್ಲಿದೆಯಾ ನೋಡಿ. ಇಳಿಸಿಕೊಂಡ ಮೇಲೆ ಒಬ್ಬರೇ ಆಡುವ ಕಥೆಗೆ ನೆಟ್ ಬೇಕಿಲ್ಲ. ನಮ್ಮ ಕಡೆಯ ನೆಟ್‌ವರ್ಕಿಗೆ ಇದು ಸಣ್ಣ ಅನುಕೂಲವಲ್ಲ.

ಸರ್, ಜಾಂಬಿ ಮಿಷನ್ ಬಂತಂದ್ರ ನನ್ನ ಸ್ಕ್ವಾಡ್ ಮುಗೀತು. ಹಿಂಡು ಕಂಡ ಕೂಡ್ಲೇ ಗ್ರೆನೇಡ್ ಒಗಿತೀನಿ, ಐದಾರು ಸಾಯ್ತಾವ, ಮತ್ತ ಹತ್ತು ಬರ್ತಾವ. ಏನ್ ತಪ್ಪು ಮಾಡಕತ್ತೀನಿ?
— ಲಿಂಗಸುಗೂರು

ತಪ್ಪು ನಿಮ್ಮ ಪತ್ರದಲ್ಲೇ ಇದೆ: ಗ್ರೆನೇಡ್. ಲಾಸ್ಟ್‌ಗಳಿಗೆ ಸದ್ದೇ ಕರೆಗಂಟೆ. ಏನೇ ಸ್ಫೋಟಿಸಿದರೂ ಹೊಸ ಹಿಂಡು ಬರುತ್ತದೆ. ರಸ್ತೆಯಲ್ಲಿ ನಿಂತ ಕಾರು ಸಿಡಿದರೂ ಅಷ್ಟೆ. ಬೆಂಕಿ ಹತ್ತಿದ ಕಾರಿನ ಮರೆಯಲ್ಲಿ ಸೈನಿಕನನ್ನು ನಿಲ್ಲಿಸಿದರೆ ಎರಡು ಥರದಲ್ಲೂ ಕೆಟ್ಟಿರಿ. ಪಾಳು ನಗರಕ್ಕೆ ಹೋಗುವಾಗ ಗ್ರೆನೇಡ್ ಮನೆಯಲ್ಲೇ ಬಿಟ್ಟು ಹೋಗಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಗ್ರೆನೇಡ್‌ಗೆ ಬದಲು ಆಟ ನಿಮಗೆ ಒಂದು ದೊಡ್ಡ ವರ ಕೊಟ್ಟಿದೆ. ಅದರ ಹೆಸರು ಹೆಡ್‌ಶಾಟ್. ಬಿಜಿಎಂಐ ಹೆಡ್‌ಶಾಟ್ ಬೇರೆ, ಇದು ಬೇರೆ. ಬಂದೂಕಿನ ಗುಂಡಿಗೆ ಲಾಸ್ಟ್ ಸತ್ತರೆ, ಹೊಡೆದವನಿಗೆ ಖರ್ಚಾದ ಆ್ಯಕ್ಷನ್ ವಾಪಸ್ ಸಿಗುತ್ತದೆ. ಮತ್ತೆ ಹೊಡೆಯಬಹುದು. ಅದೂ ಸತ್ತರೆ ಮತ್ತೆ. ಗುಂಡು ತಾಗಿಯೂ ಸಾಯದಿದ್ದರೆ, ಇಲ್ಲವೇ ಗುರಿ ತಪ್ಪಿದರೆ, ಆ ಸೈನಿಕನ ಟರ್ನ್ ಅಲ್ಲಿಗೆ ಮುಗಿಯಿತು.

ಈಗ ಒಂದು ಲೆಕ್ಕ ಹಾಕೋಣ, ಕಾಗದ ಪೆನ್ನು ಹಿಡಿದೇ ಓದಿ. ಎದುರಿಗೆ ಐದು ಲಾಸ್ಟ್ ಇವೆ. ತಲೆಯ ಮೇಲಿನ ಗೆರೆ ಎಣಿಸಿದರೆ ಅವುಗಳ ಜೀವ ಎರಡು, ಎರಡು, ಮೂರು, ಮೂರು, ನಾಲ್ಕು. ನಿಮ್ಮ ಶುರುವಿನ ರೈಫಲ್ಲಿನ ಏಟು ಮೂರರಿಂದ ಐದು, ಮ್ಯಾಗಜಿನ್‌ನಲ್ಲಿ ಇರುವುದು ನಾಲ್ಕೇ ಗುಂಡು. ನೀವು ಗಾಬರಿಯಲ್ಲಿ ದೊಡ್ಡದನ್ನೇ ಮೊದಲು ಹೊಡೆದಿರಿ ಅಂತಿಟ್ಟುಕೊಳ್ಳಿ. ಏಟು ಮೂರೇ ಬಿದ್ದರೆ ಅದಕ್ಕೆ ಇನ್ನೂ ಒಂದು ಜೀವ ಉಳಿಯಿತು, ನಿಮ್ಮ ಸೈನಿಕ ಕೈಕಟ್ಟಿ ನಿಂತ. ಬದಲಿಗೆ ಎರಡು ಮತ್ತು ಮೂರು ಜೀವದವನ್ನು ಹೊಡೆಯಿರಿ. ಗುಂಡು ತಾಗಿತೆಂದರೆ ಅವು ಬಿದ್ದವೇ ಸೈ. ನಾಲ್ಕು ಗುಂಡು, ನಾಲ್ಕು ಲಾಸ್ಟ್. ಉಳಿದ ನಾಲ್ಕು ಜೀವದ್ದು ಶಾಟ್‌ಗನ್ ಹಿಡಿದವನ ಪಾಲು, ಅದರ ಕನಿಷ್ಠ ಏಟೇ ನಾಲ್ಕು. ಯಾರ ಬಂದೂಕಿನ ಕನಿಷ್ಠ ಏಟಿಗೆ ಯಾವುದು ಸಾಯುತ್ತದೋ ಅದು ಅವರದು. ಲಾಸ್ಟ್‌ಗಳು ಮರೆ ಹಿಡಿಯುವುದಿಲ್ಲ, ನೇರ ಓಡಿ ಬರುತ್ತವೆ, ಹಾಗಾಗಿ ಗುರಿಯೂ ಸಲೀಸು.

ಸ್ಕ್ವಾಡಿನಲ್ಲಿ ಒಬ್ಬ ಶಾರ್ಪ್‌ಶೂಟರ್ ಇರಲೇಬೇಕು. ಉದ್ದ ಬಂದೂಕಿಗಲ್ಲ, ಸೊಂಟದ ಪಿಸ್ತೂಲಿಗೆ. ಅದರ ಏಟು ಬರೇ ಎರಡು-ಮೂರು ನಿಜ, ಆದರೆ ಗುಂಡು ಮುಗಿಯುವುದೇ ಇಲ್ಲ, ರೀಲೋಡ್ ಬೇಡ, ಹೆಡ್‌ಶಾಟ್ ಲೆಕ್ಕ ಅದಕ್ಕೂ ಉಂಟು. ಬೇರೆಯವರು ಅರೆಜೀವ ಮಾಡಿಬಿಟ್ಟವನ್ನೆಲ್ಲ ಅವನೊಬ್ಬನೇ ಸಾಲಾಗಿ ಮಲಗಿಸುತ್ತಾನೆ. ರೇಂಜರ್‌ನ ಕತ್ತಿಗೆ ಮಾತ್ರ ಈ ವರ ಇಲ್ಲ. ಕತ್ತಿ ಬೀಸುವುದಿದ್ದರೆ ಆ ಟರ್ನ್‌ನ ಕೊನೆಯ ಕೆಲಸವಾಗಿ ಬೀಸಿ.

ಇನ್ನೊಂದು. ಲಾಸ್ಟ್‌ಗಳಿಗೆ ನಿಮ್ಮ ಮೇಲೆ ಮಾತ್ರ ಹಗೆ ಅಂತೇನಿಲ್ಲ, ಅನ್ಯಗ್ರಹದವರ ಅಡ್ವೆಂಟ್ ಪಡೆಯನ್ನೂ ಅವು ಮುತ್ತುತ್ತವೆ. ಅಡ್ವೆಂಟ್ ಕಂಡ ಕೂಡಲೇ ಗುಂಡು ಹಾರಿಸದೆ ಒಂದು ಟರ್ನ್ ಹಿಂದೆ ನಿಂತು ನೋಡಿ. ಅವರವರೇ ಬಡಿದಾಡಿಕೊಂಡು ನಿಮ್ಮ ಗುಂಡು ಉಳಿಸುತ್ತಾರೆ.

ನನ್ನ ಒಳ್ಳೆ ಸೈನಿಕರಿಗೆಲ್ಲ ‘ಟೈರ್ಡ್’ ಅಂತ ಬರ್ತದ. ಹಂಗೇ ಕಳಿಸಿದ್ರ ನಡಿತದೇನ್ರಿ?
— ಹಟ್ಟಿ

ಕಳಿಸಬಹುದು, ಆದರೆ ದಣಿದವರು ಮಿಷನ್‌ನಲ್ಲಿ ಬೇಗ ಎದೆಗೆಡುತ್ತಾರೆ, ಕೆಟ್ಟ ಸ್ವಭಾವಗಳು ಅಂಟಿಕೊಳ್ಳುತ್ತವೆ. ಗಣಿಯಲ್ಲಿ ಪಾಳಿ ಇದ್ದ ಹಾಗೆ ಇಲ್ಲೂ ಎರಡು ತಂಡ ಬೆಳೆಸಿ. ಮೂಲ ಆಟದಲ್ಲಿ ಆರು ಜನ ಹುಲಿಗಳನ್ನು ಸಾಕಿದರೆ ಸಾಕಿತ್ತು, ವಿಸ್ತರಣೆಯಲ್ಲಿ ಹನ್ನೆರಡು ಜನ ಬೇಕು.

ಅಣ್ಣಾರೆ, ನನ್ನ ಮಗ ಪಿಯುಸಿ. ಈ ಆಟ ತಗೋಳಾಕ ರೊಕ್ಕ ಕೇಳಾಕತ್ತಾನ. ನಮ್ಮ ಓಣ್ಯಾಗ ಒಬ್ಬ ಹುಡುಗ ಮೊಬೈಲ್ ರಮ್ಮಿ ಆಡಿ ಸಾಲ ಮಾಡಿಕೊಂಡಾನ. ಇದೂ ಹಂಗೇ ಏನ್ರಿ?
— ಒಬ್ಬ ತಾಯಿ, ಮಸ್ಕಿ

ಇಲ್ಲ ಅಕ್ಕಾ, ಹಾಗಲ್ಲ. ರೊಕ್ಕ ಕಟ್ಟಿ ರೊಕ್ಕ ಗೆಲ್ಲುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿದೆ. ಇದು ಆ ಜಾತಿಯದಲ್ಲ. ಇಲ್ಲಿ ಪಣ ಇಲ್ಲ, ಗೆದ್ದರೂ ಸೋತರೂ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ, ಪುಸ್ತಕ ಕೊಂಡ ಹಾಗೆ ಕೊಂಡರೆ ಮುಗಿಯಿತು. ಎದುರಿಗೆ ಅಪರಿಚಿತರೂ ಇರುವುದಿಲ್ಲ, ಆಡುವುದು ಯಂತ್ರದ ಜೊತೆ. ಆದರೆ ಗುಂಡು, ರಕ್ತ ಇದೆ, ಸಣ್ಣ ತಮ್ಮ-ತಂಗಿಯರ ಎದುರು ಆಡದಿರಲಿ. ಒಂದು ಮಿಷನ್ ಮುಗಿಯಲು ಅರ್ಧ-ಮುಕ್ಕಾಲು ಗಂಟೆ ಬೇಕು, ‘ಇನ್ನೊಂದೇ’ ಅನ್ನಿಸುವುದು ಈ ಆಟದ ಗುಣ. ಪರೀಕ್ಷೆ ಹತ್ತಿರವಿದ್ದರೆ ಮುಗಿಯುವ ತನಕ ತಡೆಯಿರಿ, ಆಟ ಎಲ್ಲಿಗೂ ಓಡಿಹೋಗುವುದಿಲ್ಲ. ಕೊಡಿಸಿದ ಮೇಲೆ ಒಂದು ಸಂಜೆ ಅವನ ಪಕ್ಕದಲ್ಲಿ ಕೂತು, ಈ ಸೈನಿಕನನ್ನು ಇಲ್ಲೇ ಯಾಕೆ ನಿಲ್ಲಿಸಿದೆ ಅಂತ ಕೇಳಿ ನೋಡಿ. ಅವನು ಕೊಡುವ ಉತ್ತರವನ್ನು ನನಗೂ ಬರೆದು ಕಳಿಸಿ.