ಕಾರ್ಬನ್ ಫೈಬರೋ ಲೋಹವೋ: ಬಲ ಹೋಲಿಸುವ ಬಗೆ

ಕಾರ್ಬನ್ ಫೈಬರ್ ಉಕ್ಕಿಗಿಂತ ಎಷ್ಟೋ ಪಟ್ಟು ಬಲಶಾಲಿ ಎಂಬ ಮಾತು ಕಿವಿಗೆ ಬಿದ್ದಾಗ, ಆ ಲೆಕ್ಕ ಯಾವುದರದ್ದು ಎಂದು ಮೊದಲು ಕೇಳಬೇಕು. ಸಾಮಾನ್ಯ ದರ್ಜೆಯ ಬರೀ ಎಳೆ ಸುಮಾರು 3,500 ಮೆಗಾಪ್ಯಾಸ್ಕಲ್ ಜಗ್ಗುವಿಕೆ ತಾಳುತ್ತದೆ, ನಿಜ. ಆದರೆ ಬರೀ ಎಳೆಯಿಂದ ಯಾವ ಬಿಡಿಭಾಗವೂ ಆಗದು. ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಒಂದೇ ದಿಕ್ಕಿಗೆ ಹಾಸಿದರೆ ಎಳೆಯುದ್ದಕ್ಕೆ ಸುಮಾರು 1,500 ಸಿಗುತ್ತದೆ. ಅಡ್ಡಕ್ಕೆ ಜಗ್ಗಿದರೆ 50ರ ಆಸುಪಾಸಿಗೇ ಸೀಳುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ಪದರ ಹಾಸಿದರೆ 500ರಷ್ಟು. ಲೋಹದ ಪಕ್ಕದಲ್ಲಿಡಬೇಕಾದದ್ದು ಪದರದ ಈ ಅಂಕಿಗಳನ್ನೇ, ಎಳೆಯದ್ದನ್ನಲ್ಲ.

ಮುಂದಿನ ಹೆಜ್ಜೆ, ಪ್ರತಿ ಅಂಕಿಯನ್ನೂ ಸಾಂದ್ರತೆಯಿಂದ ಭಾಗಿಸುವುದು. ಮೃದು ಉಕ್ಕಿಗೆ 250 ಮೆಗಾಪ್ಯಾಸ್ಕಲನ್ನು ಸಾಂದ್ರತೆ 7.85ರಿಂದ ಭಾಗಿಸಿದರೆ 32; 6061-ಟಿ6 ಅಲ್ಯೂಮಿನಿಯಂಗೆ 276ನ್ನು 2.7ರಿಂದ ಭಾಗಿಸಿದರೆ 102. ಸಮಪದರದ ಕಾರ್ಬನ್‌ಗೆ 500ನ್ನು 1.6ರಿಂದ ಭಾಗಿಸಿದರೆ 312. ಇಲ್ಲಿಗೆ ನಿಲ್ಲಿಸಿದರೆ ಕಾರ್ಬನ್ ಗೆದ್ದಂತೆಯೇ. ಆದರೆ ಅನೇಕ ಭಾಗಗಳು ಕೆಡುವುದು ಮುರಿದಲ್ಲ, ಅತಿಯಾಗಿ ಬಾಗಿ. ಹಾಗಾಗಿ ಬಿಗಿತವನ್ನೂ ಇದೇ ರೀತಿ ಭಾಗಿಸಿ ನೋಡಲೇಬೇಕು. ಉಕ್ಕು (200 ಗಿಗಾಪ್ಯಾಸ್ಕಲ್), ಅಲ್ಯೂಮಿನಿಯಂ (69) ಎರಡಕ್ಕೂ ಸುಮಾರು 25.5 ಬರುತ್ತದೆ. ಸಮಪದರದ ಕಾರ್ಬನ್‌ಗೆ (50) ಬರುವುದು 31 ಮಾತ್ರ! ಎಳೆಗಳೆಲ್ಲ ಒಂದೇ ದಿಕ್ಕಿಗಿದ್ದರೆ (130) ಅದು 81ಕ್ಕೆ ಏರುತ್ತದೆ. ಎಂದರೆ, ಲೋಹದ ತಗಡಿನ ಜಾಗದಲ್ಲಿ ಅದೇ ಆಕಾರದ ಕಾರ್ಬನ್ ಹಾಳೆ ಕೂರಿಸುವವರು ದುಬಾರಿ ಬೆಲೆ ತೆತ್ತು ತೂಕಕ್ಕೆ ತಕ್ಕ ಬಿಗಿತದಲ್ಲಿ ಪಡೆಯುವುದು ಅಲ್ಪ. ಲಾಭವಿರುವುದು ಭಾರದ ದಿಕ್ಕನ್ನು ಮೊದಲೇ ಗುರುತಿಸಿ ಎಳೆ ಹಾಸುವವರಿಗೆ.

ಹಾಗಿದ್ದರೆ ವಿಮಾನಗಳು ಕಾರ್ಬನ್ ಫೈಬರನ್ನೇಕೆ ನೆಚ್ಚಿಕೊಂಡಿವೆ ಎಂದು ಕೇಳಬಹುದು. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ ಭಾಗ ಸಂಯುಕ್ತ ವಸ್ತುವೇ. ಬೆಂಗಳೂರಿನಲ್ಲಿ ರೂಪುಗೊಂಡ ಯುದ್ಧವಿಮಾನ ತೇಜಸ್‌ನ ರೆಕ್ಕೆಯೂ ಕಾರ್ಬನ್ ಸಂಯುಕ್ತದ್ದು. ಈ ಪ್ರಶ್ನೆ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ: ರೆಕ್ಕೆ ಯಾವ ಕಡೆ ಬಾಗುತ್ತದೆಂದು ವಿನ್ಯಾಸಕಾರರಿಗೆ ಗೊತ್ತು, ಎಳೆಗಳನ್ನು ಅದಕ್ಕೆ ತಕ್ಕಂತೆ ಹಾಸುತ್ತಾರೆ. ಹಲವು ದಿಕ್ಕಿನ ಪೆಟ್ಟು ತಿನ್ನುವ ಲ್ಯಾಂಡಿಂಗ್ ಗೇರ್ ಇಂದಿಗೂ ಬಹುಪಾಲು ಉಕ್ಕು, ಟೈಟಾನಿಯಂಗಳದ್ದು.

ಕೊನೆಗೆ, ಭಾಗ ಹೇಗೆ ಕೆಡುತ್ತದೆ ನೋಡಿ. ಮೃದು ಉಕ್ಕು ಬಾಗಿ ಮುನ್ಸೂಚನೆ ಕೊಡುತ್ತದೆ. ಕಾರ್ಬನ್ ಹಾಳೆಯ ಮೇಲೆ ಸ್ಪ್ಯಾನರ್ ಬಿದ್ದರೆ ಹೊರಗೆ ಗೆರೆಯೂ ಕಾಣದೆ ಒಳಪದರಗಳು ಬಿಟ್ಟುಕೊಂಡಿರಬಹುದು. ಅದನ್ನು ಪತ್ತೆಹಚ್ಚುವ ಅಲ್ಟ್ರಾಸೌಂಡ್ ತಪಾಸಣೆಯ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಅಲ್ಯೂಮಿನಿಯಂ ಜೊತೆ ಜೋಡಿಸುವುದಾದರೆ ನಡುವೆ ಗ್ಲಾಸ್ ಫೈಬರ್ ಪದರವೊಂದಿರಲಿ. ಇಲ್ಲವಾದರೆ ತೇವ ತಾಗಿದಾಗ ಅಲ್ಯೂಮಿನಿಯಂ ಬೇಗ ಸವೆಯುತ್ತದೆ.