ಯಾವ ಕಲೆಗೆ ಯಾವ ನೀರು?



ಕಲೆ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಚಿತ್ರಕಲೆ, ಶಿಲ್ಪಕಲೆ ಎನ್ನುವುದು ಒಂದು. ಇನ್ನೊಂದು ನಮ್ಮ ಅಂಗಿಯ ಮೇಲೆ ಇರುವುದು. ನಾನು ಬರೆಯುತ್ತಿರುವುದು ಎರಡನೆಯದರ ಬಗ್ಗೆ.

ನಮ್ಮದು ಮಡಿವಾಳರ ಮನೆ ಅಂತ ನಿಮಗೆಲ್ಲಾ ಗೊತ್ತು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರ ಕಾಲದಲ್ಲಿದ್ದ ಶರಣ ಮಡಿವಾಳ ಮಾಚಿದೇವರು ಮಾಡಿದ ಕಾಯಕವೂ ಇದೇ. ನಮ್ಮ ಅಜ್ಜಿ ಬಹಳ ವರ್ಷ ಊರ ಬಟ್ಟೆ ಒಗೆದಿದ್ದಾರೆ. ಈಗ ಮಂಡಿ ನೋವು, ಕೆರೆಗೆ ಹೋಗುವುದಿಲ್ಲ. ಮನೆ ಮನೆಗೆ ಒಗೆಯುವ ಮಿಷನ್ ಬಂದರೂ ಕಲೆ ಹೋಗದಿದ್ದರೆ ಜನ ಬಟ್ಟೆ ಹಿಡಿದುಕೊಂಡು ಅಜ್ಜಿಯ ಹತ್ತಿರವೇ ಬರುತ್ತಾರೆ. ಅಜ್ಜಿ ಹೇಳಿದ್ದನ್ನೂ ನಮ್ಮ ವಿಜ್ಞಾನದ ಮೇಡಂ ಹೇಳಿದ್ದನ್ನೂ ಸೇರಿಸಿ ಇದನ್ನು ಬರೆದಿದ್ದೇನೆ. ಬಹಳ ಕಡೆ ಇಬ್ಬರೂ ಹೇಳಿದ್ದು ಒಂದೇ, ಮಾತು ಬೇರೆ ಅಷ್ಟೆ.

ಬಟ್ಟೆ ತಂದವರನ್ನು ಅಜ್ಜಿ ಮೊದಲು ಕೇಳುವುದು "ಏನು ಚೆಲ್ಕೊಂಡ್ರಿ?" ಅಂತ. ಎರಡನೇ ಪ್ರಶ್ನೆ "ಬಿಸಿನೀರು ಹಾಕಿದ್ರಾ?" ಹೌದು ಅಂದರೆ ಅಜ್ಜಿ ನಿಟ್ಟುಸಿರು ಬಿಡುತ್ತಾರೆ. ಕಲೆ ಅಂದ ಕೂಡಲೇ ಬಿಸಿನೀರು, ಸೋಪು, ಬ್ರಷ್ ಈ ಮೂರನ್ನೂ ಒಟ್ಟಿಗೆ ಹಾಕಿ ಉಜ್ಜುವುದು ಎಲ್ಲರ ಅಭ್ಯಾಸ. ಕೆಲವು ಕಲೆಗಳು ಗಟ್ಟಿಯಾಗಿ ಕೂರುವುದೇ ಇದರಿಂದ.

ಸೋಪು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ತಿಳಿಯೋಣ. ಸೋಪಿನ ಒಂದೊಂದು ಅಣುವಿಗೂ ಎರಡು ತುದಿ ಇರುತ್ತದೆ. ಒಂದು ತುದಿ ನೀರನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಹೀಗೆ ಜಿಡ್ಡನ್ನು ಬಟ್ಟೆಯಿಂದ ಬಿಡಿಸಿ ನೀರಿನ ಜೊತೆ ಕಳುಹಿಸುತ್ತದೆ. ಆದ್ದರಿಂದ ಎಣ್ಣೆ, ತುಪ್ಪ, ಬೆವರು, ಕಾಲರಿನ ಕೊಳೆ ಇವಕ್ಕೆಲ್ಲಾ ಸೋಪೂ ಬಿಸಿನೀರೂ ಸರಿ. ಸೈಕಲ್ ಚೈನಿನ ಗ್ರೀಸ್ ಆಗಿದ್ದರೆ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಗ್ರೀಸನ್ನು ಸಡಿಲ ಮಾಡಿಕೊಂಡು ಆಮೇಲೆ ಸೋಪು ಹಾಕಬೇಕು. ಆದರೆ ಎಲ್ಲಾ ಕಲೆಯೂ ಜಿಡ್ಡಲ್ಲ.

ಈಗ ರಕ್ತದ ಕಲೆಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಹುಡುಗರು ನಗದೆ ಓದಬೇಕು. ಕಬಡ್ಡಿ ಆಡಿ ಮಂಡಿ ತರಚಿಕೊಂಡವರಿಗೂ ಇದು ಬೇಕಾಗುತ್ತದೆ.

ರಕ್ತದಲ್ಲಿ ಪ್ರೋಟೀನ್ ಇದೆ. ಹಳೇ ಪುಸ್ತಕಗಳಲ್ಲಿ ಇದನ್ನು ಸಸಾರಜನಕ ಅಂತ ಬರೆದಿರುತ್ತದೆ. ಹಾಲು, ಮೊಟ್ಟೆಯಲ್ಲೂ ಪ್ರೋಟೀನ್ ಇದೆ. ಮೊಟ್ಟೆ ಒಡೆದಾಗ ಬಿಳಿ ಭಾಗ ನೀರಿನ ಹಾಗೆ ಇರುತ್ತದೆ. ಬಾಣಲೆಗೆ ಹಾಕಿದರೆ ಗಟ್ಟಿಯಾಗುತ್ತದೆ. ಅದನ್ನು ಮತ್ತೆ ನೀರು ಮಾಡಲು ಬರುವುದಿಲ್ಲ. ರಕ್ತದ ಕಲೆಗೆ ಕುದಿಯುವ ನೀರು ಹಾಕಿದಾಗಲೂ ಇದೇ ಆಗುವುದು. ಅಜ್ಜಿ ಹೇಳುವುದು ಹೀಗೆ: "ನೆತ್ತರಿಗೆ ಬಿಸಿನೀರು ಹುಯ್ದರೆ ಬೆಂದೋಗ್ತದೆ ಕಣವ್ವ. ಬೆಂದದ್ದು ದಾರ ಬಿಡಾಕಿಲ್ಲ." ಮೇಡಂ ಹೇಳಿದ ಪಾಠ ಇದರಲ್ಲೇ ಇದೆ.

ಆದ್ದರಿಂದ ರಕ್ತಕ್ಕೆ ತಣ್ಣೀರು. ಹಸಿಯಾಗಿದ್ದಾಗಲೇ ಬಟ್ಟೆಯ ಹಿಂಭಾಗದಿಂದ ತಣ್ಣೀರು ಬಿಟ್ಟರೆ ಸೋಪಿಲ್ಲದೆಯೂ ಬಹಳ ಮಟ್ಟಿಗೆ ಹೋಗುತ್ತದೆ. ಮುಂದಿನಿಂದ ಬಿಟ್ಟರೆ ಕಲೆ ಇನ್ನೂ ಒಳಗೆ ಇಳಿಯುತ್ತದೆ. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಒಂದು ಹಿಡಿ ಉಪ್ಪು ಹಾಕಿದ ತಣ್ಣೀರಿನಲ್ಲಿ ಕೆಲವು ಗಂಟೆ ನೆನೆಸಿ, ಕೈಯಲ್ಲಿ ಉಜ್ಜಿ, ಆಮೇಲೆ ಸೋಪು ಹಾಕಬೇಕು. ಬಿಳಿ ಬಟ್ಟೆಯಾದರೆ ಮೆಡಿಕಲ್ ಸ್ಟೋರಿನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಎರಡು ಹನಿ ಬಿಡಬಹುದು. ಬುಸುಬುಸು ನೊರೆ ಬರುತ್ತದೆ, ಕಲೆ ಬಿಳಿಚುತ್ತದೆ. ಬಣ್ಣದ ಬಟ್ಟೆಗೆ ಬೇಡ, ಬಣ್ಣವೂ ಹೋಗಬಹುದು.

ಮುಂದಿನದನ್ನು ಬರೆಯಲೋ ಬೇಡವೋ ಅಂತ ಮೇಡಂ ಹತ್ತಿರ ಕೇಳಿದೆ. "ವಿಜ್ಞಾನ ತಾನೇ, ಬರಿ" ಅಂದರು. ನಮ್ಮ ಕೆಲವು ಗೆಳತಿಯರು ತಿಂಗಳಲ್ಲಿ ಮೂರು ನಾಲ್ಕು ದಿನ ಶಾಲೆಗೆ ಬರುವುದಿಲ್ಲ. ಹೊಟ್ಟೆನೋವಿಗಿಂತ ಲಂಗಕ್ಕೆ ಕಲೆ ಆದರೆ ಏನು ಮಾಡುವುದು ಎಂಬ ಹೆದರಿಕೆಯೇ ಹೆಚ್ಚು. ಹಾಗೆ ಆದಾಗ ಮನೆಗೆ ಹೋಗುವ ತನಕ ಕಾಯಬೇಡಿ. ಶೌಚಾಲಯದ ನಲ್ಲಿಯಲ್ಲಿ ಕಲೆ ಇರುವಷ್ಟು ಜಾಗವನ್ನು ಮಾತ್ರ ತಣ್ಣೀರಿನಲ್ಲಿ ಹಿಂಡಿ. ಹತ್ತು ನಿಮಿಷದ ಕೆಲಸ. ಒದ್ದೆ ಜಾಗ ಒಣಗುವವರೆಗೆ ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡರೆ ಆಯಿತು. ಮನೆಯಲ್ಲಿ ಬಟ್ಟೆ ಬಳಸುವವರು ಅದನ್ನು ತಣ್ಣೀರಲ್ಲಿ ನೆನೆಸಿ, ಸೋಪಿನಲ್ಲಿ ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಬೇಕು. ಯಾರಿಗೂ ಕಾಣಬಾರದು ಅಂತ ಹಿತ್ತಲ ಕತ್ತಲೆ ಮೂಲೆಯಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸಿದರೆ ತೇವ ಉಳಿದು ರೋಗಾಣು ಬೆಳೆಯುತ್ತದೆ. ಇದನ್ನು ಆಶಾ ಕಾರ್ಯಕರ್ತೆ ಅಕ್ಕ ಬಂದಾಗ ಅಮ್ಮನಿಗೂ ಹೇಳಿದರು.

ಹಿಂದೆ ಊರ ಬಾಣಂತಿಯರ ಬಟ್ಟೆಯನ್ನೆಲ್ಲಾ ಒಗೆದವರು ನಮ್ಮ ಅಜ್ಜಿ. ಅದನ್ನು ಕೆಲವು ಮನೆಯವರು ಅಜ್ಜಿಯ ಕೈಗೆ ಕೊಡದೆ ದೂರದಿಂದ ಎಸೆಯುತ್ತಿದ್ದರಂತೆ. ಒಗೆದು ತಂದ ಮೇಲೆ ಅದೇ ಬಟ್ಟೆಯನ್ನು ಮಡಿ ಅಂತ ಎತ್ತಿಡುತ್ತಿದ್ದರಂತೆ. ಇದು ಯಾವ ಲೆಕ್ಕ ಅಂತ ನನಗೆ ಅರ್ಥವಾಗಿಲ್ಲ.

ಅರಿಶಿನದ ಕಲೆ ನೋಡಲು ಮಜಾ. ಸಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ಹಚ್ಚಿದರೆ ಹಳದಿ ಹೋಗಿ ಕೆಂಪಾಗುತ್ತದೆ. ಹೆದರಬೇಡಿ, ಕಲೆ ಹೆಚ್ಚಾದದ್ದಲ್ಲ. ಸೋಪು ಪ್ರತ್ಯಾಮ್ಲ. ಅರಿಶಿನ ನಮ್ಮ ಪಾಠದಲ್ಲಿ ಬರುವ ಸೂಚಕ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ ಆಗುತ್ತದೆ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವುದೂ ಇದೇ ಪ್ರಯೋಗ. ಅರಿಶಿನದ ಬಣ್ಣಕ್ಕೆ ಕರ್ಕ್ಯುಮಿನ್ ಎಂದು ಹೆಸರು. ಇದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಆದರೆ ಬಿಸಿಲನ್ನು ತಡೆಯಲಾರದು. ನಾವು ನಾಲ್ಕು ಜನ ಸೇರಿ ಒಂದೇ ಬಟ್ಟೆಯ ಎರಡು ತುಂಡಿಗೆ ಅರಿಶಿನ ಹಚ್ಚಿ ಸೋಪಿನಲ್ಲಿ ಒಗೆದೆವು. ಒಂದನ್ನು ಒದ್ದೆಯಾಗಿಯೇ ಬಿಸಿಲಿಗೆ ಹಾಕಿದೆವು, ಇನ್ನೊಂದನ್ನು ಮನೆಯೊಳಗೆ ದಾರಕ್ಕೆ ಹಾಕಿದೆವು. ಮೂರು ದಿನ ಕಳೆದ ಮೇಲೆ ಬಿಸಿಲಿನ ತುಂಡಿನಲ್ಲಿ ಎಲ್ಲಿ ಹಚ್ಚಿದ್ದೆವು ಅಂತ ಹುಡುಕಬೇಕಾಯಿತು. ಒಳಗಿನದು ಹಳದಿಯಾಗಿಯೇ ಇತ್ತು. ಎರಡೂ ತುಂಡನ್ನು ಈ ಪುಟದ ಕೆಳಗೆ ಅಂಟಿಸಿದ್ದೇನೆ, ದಯವಿಟ್ಟು ಕೀಳಬೇಡಿ.

ತುಕ್ಕಿನ ಕಲೆ ಹೆಚ್ಚಾಗಿ ಕಬ್ಬಿಣದ ತಂತಿಯಿಂದ, ಹಳೇ ಟ್ರಂಕಿನಿಂದ ಬರುತ್ತದೆ. ಇದಕ್ಕೆ ಸೋಪು ಏನೂ ಮಾಡುವುದಿಲ್ಲ. ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಚೆನ್ನಾಗಿ ಜಾಲಿಸಬೇಕು. ನಿಂಬೆಯ ಆಮ್ಲ ತುಕ್ಕನ್ನು ಕರಗಿಸುತ್ತದೆ. ಒಂದು ಸಲಕ್ಕೆ ಹೋಗದಿದ್ದರೆ ಮತ್ತೊಂದು ಸಲ. ತುಕ್ಕಿಗೆ ಬ್ಲೀಚಿಂಗ್ ಪೌಡರ್ ಹಾಕಲೇಬಾರದು, ಕಲೆ ಇನ್ನೂ ಗಾಢವಾಗುತ್ತದೆ.

ಅಡಿಕೆ ಬೇಯಿಸುವ ಕಾಲದಲ್ಲಿ ಚೊಗರಿನ ಕಲೆ ಆಗದ ಅಂಗಿ ನಮ್ಮ ಕಡೆ ಇಲ್ಲ. ಅಡಿಕೆ, ಚಹಾ, ಎಳನೀರು ಇವುಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಇದೆ. ಬಾರ್ ಸೋಪು ಹಚ್ಚಿದರೆ ಇದು ಕಪ್ಪಾಗಿ ಕೂರುತ್ತದೆ. ಮೊದಲು ಬರೀ ನೀರು, ಆಮೇಲೆ ನಿಂಬೆರಸ, ಕೊನೆಗೆ ಸೋಪಿನ ಪುಡಿ. ಟ್ಯಾನಿನ್‌ಗೆ ಕಬ್ಬಿಣ ತಾಗಿದರೆ ಇನ್ನೂ ಕಷ್ಟ, ಕರ್ರಗೆ ಶಾಯಿಯೇ ಆಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಬರೆಯುವ ಶಾಯಿ ಮಾಡುತ್ತಿದ್ದದ್ದು ಹೀಗೆಯೇ. ಇದೇ ಚೊಗರಿನಿಂದ ಬಟ್ಟೆಗೆ ಬೇಕೆಂದೇ ಬಣ್ಣ ಹಾಕುವವರೂ ಇದ್ದಾರೆ. ಎರಡು ದಿನ ಒಣಗಿದ ಚೊಗರಿನ ಕಲೆ ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾಸಲು ಆಗುತ್ತದೆ ಅಷ್ಟೆ.

ಬಾಲ್ ಪೆನ್ನಿನ ಕಲೆಗೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹತ್ತಿಯಲ್ಲಿ ಅದ್ದಿ ಒತ್ತಬೇಕು. ಉಜ್ಜಿದರೆ ಹರಡುತ್ತದೆ. ಒಲೆಯ ಹತ್ತಿರ ಮಾಡಬೇಡಿ, ಬೆಂಕಿ ಹಿಡಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ. ಬ್ಲೀಚಿಂಗ್ ಪೌಡರಿಗೆ ಶೌಚಾಲಯ ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಸೇರಿಸಬಾರದು. ನಿಂಬೆರಸವನ್ನೂ ಸೇರಿಸಬಾರದು. ಕ್ಲೋರಿನ್ ಅನಿಲ ಬರುತ್ತದೆ. 1915ರಲ್ಲಿ ಮೊದಲನೇ ಮಹಾಯುದ್ಧದಲ್ಲಿ ಬೆಲ್ಜಿಯಂ ದೇಶದ ಈಪ್ರ ಎಂಬಲ್ಲಿ ಸೈನಿಕರನ್ನು ಕೊಲ್ಲಲು ಬಿಟ್ಟದ್ದು ಇದೇ ಅನಿಲ. ಎರಡು ಸೇರಿಸಿದರೆ ಡಬಲ್ ಬಿಳಿ ಆಗುತ್ತದೆ ಎಂದು ಬಚ್ಚಲು ಬಾಗಿಲು ಹಾಕಿಕೊಂಡು ಒಗೆಯುವವರಿಗೆ ದಯವಿಟ್ಟು ತಿಳಿಸಿ.

ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ ಅಂತ ಎಲ್ಲರ ದೂರು. ಅದು ಗಡಸು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪನ್ನು ಹಿಡಿದು ಬಿಳಿ ಕೆನೆ ಮಾಡುತ್ತವೆ. ಆ ಕೆನೆ ಬಟ್ಟೆಗೆ ಕೂತು ಬಿಳಿ ಬಟ್ಟೆ ಬೂದಿ ಬಣ್ಣ ಆಗುತ್ತದೆ. ಸ್ವಲ್ಪ ವಾಷಿಂಗ್ ಸೋಡಾ ಹಾಕಿದರೆ ನೀರು ಮೆದುವಾಗುತ್ತದೆ. ಹಿಂದೆ ಸೋಡಾ ಬದಲು ಚೌಳು ಮಣ್ಣು ಇತ್ತು. ಅದರಲ್ಲಿಯೂ ಇದೇ ಸೋಡಿಯಂ ಕಾರ್ಬೋನೇಟ್ ಇರುತ್ತದೆ. ಬಟ್ಟೆಯನ್ನು ಚೌಳಿನ ನೀರಲ್ಲಿ ಅದ್ದಿ, ಕುದಿಯುವ ಹಂಡೆಯ ಮೇಲೆ ಪೇರಿಸಿ, ರಾತ್ರಿಯೆಲ್ಲಾ ಹಬೆಯಲ್ಲಿ ಇಡುತ್ತಿದ್ದರು. ಇದಕ್ಕೆ ಉಬ್ಬೆ ಹಾಕುವುದು ಅಂತ ಹೆಸರು. ರಕ್ತ, ಹಾಲಿನ ಕಲೆ ಇರುವುದನ್ನು ಮಾತ್ರ ಅಜ್ಜಿ ಮೊದಲು ತಣ್ಣೀರಲ್ಲಿ ತೆಗೆಯದೆ ಉಬ್ಬೆಗೆ ಇಡುತ್ತಿರಲಿಲ್ಲ. ರೇಷ್ಮೆ ಸೀರೆಗೆ ಉಬ್ಬೆಯೂ ಇಲ್ಲ, ಸೋಡಾವೂ ಇಲ್ಲ, ಏಕೆಂದರೆ ರೇಷ್ಮೆ ದಾರವೇ ಒಂದು ಪ್ರೋಟೀನ್. ಅದಕ್ಕೆ ಅಂಟುವಾಳದ ಕಾಯಿ.

ಹೋಗಲೇಬಾರದು ಅಂತಲೇ ಹಾಕುವ ಕಲೆಗಳೂ ಇವೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನಲ್ಲೇ ತಯಾರಾಗುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ಈ ಶಾಯಿ ಬಳಕೆಯಲ್ಲಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಚರ್ಮಕ್ಕೆ ತಾಗಿ ಬೆಳಕು ಬಿದ್ದರೆ ಕಪ್ಪಾಗುತ್ತದೆ. ಮತ ಹಾಕಿ ಬಂದವರು ಬೆರಳು ಒಣಗುವ ತನಕ ಅಂಗಿ ಮುಟ್ಟಬಾರದು.

ಇನ್ನೊಂದು ಕೇರುಬೀಜ. ಅದರ ರಸಕ್ಕೆ ಸುಣ್ಣ ತಾಗಿಸಿ ಬಟ್ಟೆಯ ಅಂಚಿಗೆ ಚುಕ್ಕೆ ಇಟ್ಟರೆ ಬಟ್ಟೆ ಹರಿದರೂ ಚುಕ್ಕೆ ಹೋಗುವುದಿಲ್ಲ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಆದ್ದರಿಂದ ನೀವು ಮುಟ್ಟಬೇಡಿ. ಯಾವ ಬಟ್ಟೆ ಯಾರ ಮನೆಯದು ಅಂತ ಮಡಿವಾಳರು ಇದರಿಂದಲೇ ಗುರುತು ಹಾಕುತ್ತಿದ್ದದ್ದು. ಅಜ್ಜಿಗೆ ಓದು ಬರಹ ಬರುವುದಿಲ್ಲ, ಆದರೆ ಊರಿನ ಎಲ್ಲಾ ಮನೆಯ ಗುರುತೂ ಇವತ್ತಿಗೂ ಬಾಯಲ್ಲಿದೆ. ನಿಮ್ಮ ಮನೆಯಲ್ಲಿ ಹಳೇ ಪಂಚೆ, ಜಮಖಾನ ಇದ್ದರೆ ಅಂಚು ತಿರುಗಿಸಿ ನೋಡಿ.

ಬಾಳೆ ಸೊನೆಯ ಕಲೆಗೆ ಮಾತ್ರ ನಮ್ಮ ಮನೆಯಲ್ಲಿ ಉಪಾಯ ಇಲ್ಲ. "ಗೊನೆ ಹೊರುವಾಗ ಹಳೇ ಅಂಗಿ ಹಾಕ್ಕೊಳಪ್ಪ" ಅಂತಷ್ಟೇ ಅಜ್ಜಿ ಹೇಳುವುದು. ಯಾರ ಮನೆಯಲ್ಲಾದರೂ ಗೊತ್ತಿದ್ದರೆ ಚೀಟಿಯಲ್ಲಿ ಬರೆದು ಪತ್ರಿಕೆಯ ಪೆಟ್ಟಿಗೆಗೆ ಹಾಕಿ, ಮಾಡಿ ನೋಡಿ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

— 7ನೇ ತರಗತಿ ವಿದ್ಯಾರ್ಥಿನಿ